ಮನೆಯೊಳಗಿನ ಗಾಳಿ, ಅದರಲ್ಲಿನ ಬ್ಯಾಕ್ಟೀರಿಯಾ ಮತ್ತು ಬೂಷ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುವವನೆಂದು ತಿಳಿದೊಡನೆ ಮದುವೆ ಮನೆಯ ಪಂಕ್ತಿಯಲ್ಲಿಯೂ ಪಕ್ಕದ ಎಲೆಯವರು ತಮ್ಮ ಗೋಡೆಯ ಕಲೆಯ ಬಗ್ಗೆ ಕೇಳುತ್ತಾರೆ. ಹಾಗೆ ಬಂದ ಪ್ರಶ್ನೆಗಳನ್ನೂ ಪತ್ರಗಳಲ್ಲಿ ಮತ್ತೆ ಮತ್ತೆ ಕಂಡವುಗಳನ್ನೂ, ಆದಷ್ಟು ಕೇಳಿದವರ ಮಾತಿನಲ್ಲೇ, ಸುಲಭದಿಂದ ಕಠಿಣದ ಕಡೆಗೆ ಜೋಡಿಸಿದ್ದೇನೆ. ಇಲ್ಲಿನ ಉತ್ತರಗಳು ತಿಳಿವಳಿಕೆಗಾಗಿ ಬರೆದವು. ಕೆಮ್ಮು, ಉಬ್ಬಸ ಇರುವವರು ವೈದ್ಯರ ಬಳಿಗೇ ಹೋಗಬೇಕು.

ಮೊದಲ ಪ್ರಶ್ನೆಗಳು

ಕಿಟಕಿ ಮುಚ್ಚಿರುತ್ತೇವೆ, ದಿನಾ ನೆಲ ಒರೆಸುತ್ತೇವೆ. ಆದರೂ ಒಳಗಿನ ಗಾಳಿಗೆ ಸೂಕ್ಷ್ಮಜೀವಿಗಳು ಎಲ್ಲಿಂದ ಬರುತ್ತವೆ?

ಮುಖ್ಯವಾಗಿ ನಮ್ಮಿಂದಲೇ ಬರುತ್ತವೆ. ನಮ್ಮ ಚರ್ಮದ ಮೇಲ್ಪದರ ಸದಾ ಉದುರುತ್ತಿರುತ್ತದೆ, ಆ ಹುಡಿಯ ಮೇಲೆ ಬ್ಯಾಕ್ಟೀರಿಯಾ ಸವಾರಿ ಮಾಡುತ್ತವೆ. ನಡೆದಾಡಿದಾಗ, ಹಾಸಿಗೆ ಕೊಡವಿದಾಗ, ಒಣ ಪೊರಕೆಯಿಂದ ಗುಡಿಸಿದಾಗ ನೆಲಕ್ಕಿಳಿದಿದ್ದವೂ ಮತ್ತೆ ಮೇಲೇಳುತ್ತವೆ. ಅಮೆರಿಕದ ಒಂದು ತರಗತಿಯಲ್ಲಿ ಅಳತೆ ಮಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕದಂತೆ, ಒಬ್ಬ ವ್ಯಕ್ತಿಯ ಇರುವಿಕೆಯಿಂದ ಗಂಟೆಗೆ ಸುಮಾರು 3.7 ಕೋಟಿ ಬ್ಯಾಕ್ಟೀರಿಯಾ ಗಾಳಿಗೆ ಸೇರುತ್ತಿದ್ದವು, ಅವುಗಳಲ್ಲಿ ಬಹುಪಾಲು ನೆಲದಿಂದ ಎದ್ದಂಥವು. ಶಿಲೀಂಧ್ರಗಳ ಕಥೆ ಬೇರೆ. ಅವುಗಳ ಬೀಜಕಗಳು ಸಾಮಾನ್ಯವಾಗಿ ಹೊರಗಿನ ಮಣ್ಣು, ಒಣಗಿದ ಎಲೆ, ಗೊಬ್ಬರದ ಗುಂಡಿಗಳಿಂದ ಗಾಳಿಯೊಂದಿಗೆ ಒಳಬರುತ್ತವೆ, ಒಳಗೆ ಎಲ್ಲಾದರೂ ತೇವ ಸಿಕ್ಕಿದರೆ ಅಲ್ಲಿಯೇ ಬೀಡುಬಿಡುತ್ತವೆ.

ವಿದ್ಯಾರ್ಥಿಗಳಿಗೆ ಇದನ್ನು ತೋರಿಸಲು ನಾನು ಉಪಕರಣ ಬಳಸುವುದಿಲ್ಲ. ಪೋಷಕಾಂಶ ಬೆರೆಸಿದ ಅಗಾರ್ (ಕಡಲಪಾಚಿಯಿಂದ ತೆಗೆದ ಜೆಲ್ಲಿ) ತಟ್ಟೆಯೊಂದನ್ನು ಪಾಠ ನಡೆಯುವಾಗ ಮೇಜಿನ ಮೇಲೆ ಮುಚ್ಚಳ ತೆಗೆದು ಅರ್ಧ ಗಂಟೆ ಇಡುತ್ತೇನೆ. ಮರುದಿನ ಹಳದಿ, ಬಿಳಿ, ನಸುಗೆಂಪಿನ ಸಾಸಿವೆ ಗಾತ್ರದ ಹೊಳೆಯುವ ಚುಕ್ಕೆಗಳು ಕಾಣುತ್ತವೆ, ಅವು ಬ್ಯಾಕ್ಟೀರಿಯಾ. ಮೂರನೆಯ ದಿನದ ಹೊತ್ತಿಗೆ ಅವುಗಳ ನಡುವೆ ಬಿಳಿಯ ಹತ್ತಿಯ ಉಂಡೆಯೊಂದು ಏಳುತ್ತದೆ. ಐದನೆಯ ದಿನ ಅದರ ನಡುಭಾಗ ಹೊಗೆ ಹಸಿರಿಗೆ ತಿರುಗಿ ಅಂಚು ಮಾತ್ರ ಬಿಳಿಯಾಗಿ ಉಳಿಯುತ್ತದೆ. ಆ ಹಸಿರು ಹುಡಿಯೇ ಬೀಜಕಗಳ ರಾಶಿ. ಆಗ ಮುಚ್ಚಳ ತೆಗೆಯಲು ಯಾರಿಗೂ ಬಿಡುವುದಿಲ್ಲ.

ಇವು ಎಷ್ಟು ಹೊತ್ತು ಗಾಳಿಯಲ್ಲಿ ತೇಲುತ್ತವೆ? ಸ್ವಲ್ಪ ಹೊತ್ತು ಬಿಟ್ಟರೆ ತಾವೇ ಕೆಳಗೆ ಕೂರುವುದಿಲ್ಲವೇ?

ಕೂರುತ್ತವೆ, ಆದರೆ ಗಾತ್ರ ನೋಡಿಕೊಂಡು. ಅಲುಗಾಡದ ಗಾಳಿಯಲ್ಲಿ ನಿಂತ ಮನುಷ್ಯನ ಬಾಯಿಯ ಎತ್ತರದಿಂದ, ಅಂದರೆ ಸುಮಾರು 1.5 ಮೀಟರಿನಿಂದ, 10 ಮೈಕ್ರೋಮೀಟರಿನ ಚರ್ಮದ ಹುಡಿ ಎಂಟು ಹತ್ತು ನಿಮಿಷದಲ್ಲಿ ನೆಲ ಮುಟ್ಟುತ್ತದೆ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ 3 ಮೈಕ್ರೋಮೀಟರಿನ ಬೀಜಕಕ್ಕೆ ಒಂದೂವರೆ ಗಂಟೆ ಬೇಕು. 1 ಮೈಕ್ರೋಮೀಟರಿನ ಕಣಕ್ಕೆ ಅರ್ಧ ದಿನವೇ ಬೇಕಾಗುತ್ತದೆ. ಮನುಷ್ಯನ ಕೂದಲಿನ ದಪ್ಪ 50ರಿಂದ 100 ಮೈಕ್ರೋಮೀಟರ್ ಎಂದರೆ ಹೋಲಿಕೆ ಸಿಕ್ಕೀತು. ಆದರೆ ಜನರಿರುವ ಮನೆಯಲ್ಲಿ ಅಲುಗಾಡದ ಗಾಳಿ ಎಲ್ಲಿದೆ? ಫ್ಯಾನ್ ತಿರುಗುತ್ತದೆ, ಮಕ್ಕಳು ಓಡುತ್ತಾರೆ, ಒಲೆಯ ಬಿಸಿಗೆ ಗಾಳಿ ಮೇಲೇಳುತ್ತದೆ.

ಲೂಯಿ ಪಾಶ್ಚರ್ 1860ರ ಸುಮಾರಿಗೆ ಇದನ್ನು ಸೊಗಸಾಗಿ ತೋರಿಸಿದ್ದ. ಕುದಿಸಿ ಮುಚ್ಚಿದ ಪೋಷಕ ದ್ರವದ ಬುದ್ದಲಿಗಳನ್ನು ಪ್ಯಾರಿಸ್ ವೀಕ್ಷಣಾಲಯದ ಅಂಗಳದಲ್ಲಿ ತೆರೆದಾಗ ಹನ್ನೊಂದಕ್ಕೆ ಹನ್ನೊಂದೂ ಕೆಟ್ಟವು. ಅದೇ ಕಟ್ಟಡದ ನಿಶ್ಚಲ ನೆಲಮಾಳಿಗೆಯಲ್ಲಿ ತೆರೆದ ಹತ್ತರಲ್ಲಿ ಒಂದು ಮಾತ್ರ ಕೆಟ್ಟಿತು. ಆಲ್ಪ್ಸ್ ಪರ್ವತದ ಹಿಮನದಿಯ ಬಳಿ ಇಪ್ಪತ್ತರಲ್ಲಿ ಒಂದು.

ಹಾಗಾದರೆ ಪ್ರತಿ ಉಸಿರಿಗೂ ರೋಗವನ್ನೇ ಎಳೆದುಕೊಳ್ಳುತ್ತಿದ್ದೇವೆಯೇ?

ಇಲ್ಲ. ದಿನಕ್ಕೆ ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ಉಸಿರಾಡುವ ನಮಗೆ ಅದರೊಂದಿಗೆ ಬರುವ ಬೀಜಕಗಳನ್ನು ನಿಭಾಯಿಸುವ ವ್ಯವಸ್ಥೆ ಇದ್ದೇ ಇದೆ. ದೊಡ್ಡ ಕಣಗಳು ಮೂಗಿನಲ್ಲೇ ಸಿಕ್ಕಿಬೀಳುತ್ತವೆ, ಮಧ್ಯಮ ಗಾತ್ರದವನ್ನು ಶ್ವಾಸನಾಳದ ಲೋಳೆ ಮತ್ತು ಸೂಕ್ಷ್ಮ ರೋಮಗಳು ಗಂಟಲಿನ ಕಡೆಗೆ ತಳ್ಳುತ್ತವೆ, ಗಾಳಿಗೂಡಿನವರೆಗೆ ಇಳಿದವನ್ನು ಅಲ್ಲಿನ ಕಾವಲು ಕೋಶಗಳು ನುಂಗುತ್ತವೆ. ಒಳಗಿನ ಗಾಳಿಯ ಹೆಚ್ಚಿನ ಬ್ಯಾಕ್ಟೀರಿಯಾ ನಮ್ಮ ಚರ್ಮದ ನಿರುಪದ್ರವಿ ನಿವಾಸಿಗಳೇ.

ಕೆಲವೊಮ್ಮೆ ಇವು ಉಪಕಾರಿಯೂ ಆಗುತ್ತವೆ. ಅಮೆರಿಕದಲ್ಲಿ ಆಮಿಶ್ ಮತ್ತು ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳಿವೆ; ಮೂಲ, ಆಹಾರ, ಬದುಕಿನ ರೀತಿ ಹೆಚ್ಚುಕಡಿಮೆ ಒಂದೇ, ಆದರೆ ಆಮಿಶರು ಮನೆಗಂಟಿದ ಕೊಟ್ಟಿಗೆಯ ಹಳೆಯ ಬೇಸಾಯದವರು, ಹಟರೈಟರು ದೂರದ ದೊಡ್ಡ ಯಂತ್ರಗಳ ಬೇಸಾಯದವರು. ಶಾಲಾ ಮಕ್ಕಳಲ್ಲಿ ಆಸ್ತಮಾ ಮೊದಲಿನವರಲ್ಲಿ ಶೇ. 5, ಎರಡನೆಯವರಲ್ಲಿ ಶೇ. 21ರ ಆಸುಪಾಸು. 2016ರಲ್ಲಿ ಎರಡೂ ಕಡೆಯ ಮನೆಗಳ ದೂಳನ್ನು ಪರೀಕ್ಷಿಸಿದಾಗ ಆಮಿಶರ ಮನೆಯ ದೂಳಿನಲ್ಲಿ ಬ್ಯಾಕ್ಟೀರಿಯಾಗಳ ಹೊರಪೊರೆಯ ಅಂಶವಾದ ಎಂಡೋಟಾಕ್ಸಿನ್ ಸುಮಾರು ಏಳು ಪಟ್ಟು ಹೆಚ್ಚಿತ್ತು. ಎಳವೆಯಲ್ಲಿ ನಾನಾ ಬಗೆಯ ಸೂಕ್ಷ್ಮಜೀವಿಗಳ ಒಡನಾಟವಿದ್ದರೆ ರೋಗನಿರೋಧಕ ವ್ಯವಸ್ಥೆ ಹದಗೊಳ್ಳುತ್ತದೆ ಎಂಬುದು ಇದರ ಸಾಮಾನ್ಯ ವಿವರಣೆ. ಒದ್ದೆ ಗೋಡೆಯ ಒಂದೇ ಜಾತಿಯ ಬೂಷ್ಟಿಗೆ ಈ ಗುಣ ಅನ್ವಯಿಸುವುದಿಲ್ಲ, ಹಾಗಾಗಿ ಗೋಡೆ ತೊಳೆಯದಿರಲು ಇದನ್ನು ನೆಪ ಮಾಡಿಕೊಳ್ಳಬಾರದು.

ಮನೆ, ಮಳೆ, ಹೊಗೆ

ಮಳೆಗಾಲದಲ್ಲಿ ಬೀರು ತೆಗೆದರೆ ಮುಗ್ಗಲು ವಾಸನೆ ಹೊಡೆಯುತ್ತದೆ. ಆ ವಾಸನೆಯೇ ವಿಷವೇ?

ಮುಗ್ಗಲು ವಾಸನೆ ಎಂದರೆ ಬೆಳೆಯುತ್ತಿರುವ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಬಿಡುವ ಆವಿಗಳ ಮಿಶ್ರಣ. ಅಣಬೆಯ ವಾಸನೆಗೆ ಕಾರಣವಾದ ಆಲ್ಕೊಹಾಲು ಮತ್ತು ಮೊದಲ ಮಳೆಯ ಮಣ್ಣಿನ ಕಂಪಿಗೆ ಕಾರಣವಾದ ಜಿಯೋಸ್ಮಿನ್ ಎರಡೂ ಅದರಲ್ಲಿ ಇರುತ್ತವೆ. ಮನೆಯ ಮಟ್ಟದಲ್ಲಿ ಆ ಆವಿಗಿಂತ ಅದು ಕೊಡುವ ಸುದ್ದಿ ದೊಡ್ಡದು: ಕಣ್ಣಿಗೆ ಕಾಣದ ಎಲ್ಲೋ ಒಂದು ಕಡೆ ಬೆಳವಣಿಗೆ ನಡೆದಿದೆ, ಅಲ್ಲಿಂದ ಬೀಜಕಗಳು ಏಳುತ್ತಿವೆ. ಮೂಗಿನಷ್ಟು ಅಗ್ಗದ, ನಂಬಿಕಸ್ಥ ಉಪಕರಣ ಇನ್ನೊಂದಿಲ್ಲ. ಆದರೆ ಅದೇ ಮನೆಯಲ್ಲಿರುವವರ ಮೂಗು ನಾಲ್ಕು ದಿನದಲ್ಲಿ ಒಗ್ಗಿಹೋಗುವುದರಿಂದ ಊರಿಂದ ಬಂದ ನೆಂಟರನ್ನು ಕೇಳುವುದು ಮೇಲು.

ಸೋಣೆ ಮಳೆಯ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಲ್ಟು, ಚಪ್ಪಲಿ, ಕ್ಯಾಮೆರಾದ ಚೀಲ, ಪುಸ್ತಕದ ರಟ್ಟು ಎಲ್ಲದರ ಮೇಲೂ ಬೂದಿ ಹಸಿರು ಹಿಟ್ಟು ಕೂರುತ್ತದೆ. ಮೇಲ್ಮೈಯ ಪಕ್ಕದ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75–80 ದಾಟಿ ದಿನಗಟ್ಟಲೆ ಹಾಗೆಯೇ ಉಳಿದರೆ ಬೀಜಕ ಮೊಳೆಯಲು ಅಷ್ಟೇ ಸಾಕು, ನೀರು ಸುರಿಯಬೇಕೆಂದೇನೂ ಇಲ್ಲ. ಹಳೆಯ ಮನೆಗಳಲ್ಲಿ ಬಚ್ಚಲ ಒಲೆ ಬೆಳಗಿನಿಂದ ಉರಿಯುತ್ತಿತ್ತು, ಅದರ ಮೇಲಿನ ಅಟ್ಟದಲ್ಲಿ ಬಟ್ಟೆ, ಬೀಜ, ಕಂಬಳಿ ಬೆಚ್ಚಗಿರುತ್ತಿದ್ದವು, ಹೆಂಚಿನ ಸಂದಿನಿಂದ ಹಸಿಗಾಳಿ ಹೊರಹೋಗುತ್ತಿತ್ತು. ಅಲ್ಲಿಗೇ ಈಗ ಕಾಂಕ್ರೀಟಿನ ತಾರಸಿ, ಬಿಗಿ ಅಲ್ಯೂಮಿನಿಯಂ ಕಿಟಕಿ, ಗೋಡೆಗೆ ಅಂಟಿಸಿದ ಪ್ಲೈವುಡ್ ಬೀರು ಬಂದಿವೆ. ಹೊಗೆಯಿಂದ ಕಣ್ಣು, ಶ್ವಾಸಕೋಶ ಕೆಡುತ್ತಿದ್ದವು ಎಂಬುದನ್ನು ಮರೆತು ಹಳೆಯದನ್ನು ಹೊಗಳುವುದು ತಪ್ಪು. ಆದರೆ ಒಲೆಯ ಬಿಸಿಯನ್ನು ತೆಗೆದ ಮೇಲೆ ಗಾಳಿಯಾಟವನ್ನಾದರೂ ಹೆಚ್ಚಿಸಬೇಕಿತ್ತು, ನಾವು ಅದನ್ನೂ ತೆಗೆದೆವು. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಟ್ಟು, ಹಿಂಬದಿಗೆ ಗಾಳಿ ಆಡುವಂತೆ ಮಾಡಿ, ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕುವುದನ್ನು ಬಿಟ್ಟರೆ ಅರ್ಧ ತೊಂದರೆ ತಗ್ಗುತ್ತದೆ.

ಗೋಡೆಯ ಕಪ್ಪು ಕಲೆ ‘ವಿಷದ ಕಪ್ಪು ಬೂಷ್ಟು’ ಎಂದು ವಿದೇಶದಲ್ಲಿರುವ ಮಗ ಹೆದರಿಸುತ್ತಾನೆ. ಮನೆ ಬಿಡಬೇಕೇ?

ಕಪ್ಪಾಗಿ ಕಾಣುವ ಶಿಲೀಂಧ್ರಗಳು ಹತ್ತಾರು. ನಮ್ಮ ಗೋಡೆಗಳಲ್ಲಿ ಕಾಣುವುದು ಹೆಚ್ಚಾಗಿ ಕ್ಲಾಡೋಸ್ಪೋರಿಯಂ ಅಥವಾ ಆಸ್ಪರ್ಜಿಲಸ್ ನೈಜರ್. ಹೊರಗೋಡೆಯ ಕರಿಯಾದರೆ ಹಲವು ಬಾರಿ ಪಾಚಿ. ಮಗ ಹೇಳುತ್ತಿರುವುದು ಸ್ಟ್ಯಾಕಿಬೋಟ್ರಿಸ್ ಬಗ್ಗೆ. 1990ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕೆಲವು ಹಸುಗೂಸುಗಳ ಶ್ವಾಸಕೋಶದಲ್ಲಿ ರಕ್ತಸ್ರಾವವಾದಾಗ ನೀರು ನುಗ್ಗಿದ ಮನೆಗಳ ಈ ಬೂಷ್ಟಿನ ಮೇಲೆ ಸಂಶಯ ಹುಟ್ಟಿತು. 2000ದಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರವು ಅದೇ ಅಂಕಿಗಳನ್ನು ಮರುಪರಿಶೀಲಿಸಿ, ಆ ಸಂಬಂಧ ಸಾಬೀತಾಗಿಲ್ಲವೆಂದು ಹೇಳಿತು. ಅಷ್ಟರಲ್ಲಿ ಭಯ ಊರೂರು ಸುತ್ತಿಯಾಗಿತ್ತು. ಅದು ಒದ್ದೆ ಕಾಗದ, ಜಿಪ್ಸಂ ಹಲಗೆಗಳ ಮೇಲೆ ಬೆಳೆಯುವ ಜಾತಿ. ಇಟ್ಟಿಗೆ ಸಿಮೆಂಟಿನ ಗೋಡೆ ಅದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಬಣ್ಣ ಯಾವುದೇ ಇರಲಿ, ಮಾಡಬೇಕಾದ ಕೆಲಸ ಒಂದೇ ಆಗಿರುವುದರಿಂದ ಜಾತಿ ಪತ್ತೆಗೆ ಹಣ ಸುರಿಯುವ ಅಗತ್ಯ ಮನೆಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ಬ್ಲೀಚಿಂಗ್ ಹಾಕಿ ಒರೆಸಿ, ಮೇಲೆ ಪೇಂಟ್ ಹೊಡೆದರೆ ಸಾಕಲ್ಲವೇ?

ಮುಂದಿನ ಆಷಾಢದವರೆಗೆ ಸಾಕು. ಟೈಲ್ಸ್, ಗಾಜಿನಂಥ ನುಣುಪು ಮೇಲ್ಮೈಯನ್ನು ಸೋಪು ನೀರಿನಿಂದ ಉಜ್ಜಿ ಒಣಗಿಸಿದರೆ ಬೂಷ್ಟು ಹೋಗುತ್ತದೆ. ಗಾರೆ, ಮರ, ರಟ್ಟಿನಂಥ ರಂಧ್ರಗಳಿರುವ ವಸ್ತುವಿನಲ್ಲಿ ಅದರ ಎಳೆಗಳು ಒಳಗಿಳಿದಿರುತ್ತವೆ. ಬ್ಲೀಚಿಂಗ್ ಮೇಲ್ಪದರದ ಬಣ್ಣವನ್ನು ತೆಗೆದು ನಮ್ಮನ್ನು ನಂಬಿಸುತ್ತದೆ ಅಷ್ಟೇ. ಜೀವವಿಲ್ಲದ ಬೀಜಕವೂ ಅಲರ್ಜಿ ಹುಟ್ಟಿಸಬಲ್ಲುದರಿಂದ ಕೊಲ್ಲುವುದಕ್ಕಿಂತ ತೆಗೆದುಹಾಕುವುದು ಮುಖ್ಯ.

ಮೊದಲು ನೀರಿನ ದಾರಿ ಹುಡುಕಬೇಕು. ಕಲೆ ನೆಲದಿಂದ ಎರಡು ಮೂರು ಅಡಿಯವರೆಗೆ ಅಡ್ಡಪಟ್ಟಿಯಂತಿದ್ದರೆ ತಳಪಾಯದಿಂದ ಪಸೆ ಏರುತ್ತಿದೆ. ಚಾವಣಿಯ ಮೂಲೆಯಲ್ಲಿ ಉಂಗುರದಂತಿದ್ದರೆ ತಾರಸಿ ಸೋರುತ್ತಿದೆ. ಬಚ್ಚಲ ಬೆನ್ನಿನ ಗೋಡೆಯಲ್ಲಿದ್ದರೆ ಪೈಪು ಒಸರುತ್ತಿದೆ. ಬೀರುವಿನ ಹಿಂದೆ ಮಾತ್ರ ಇದ್ದರೆ ತಣ್ಣನೆಯ ಗೋಡೆಗೆ ಒಳಗಿನ ಹಸಿಗಾಳಿ ಬೆವರುತ್ತಿದೆ. ಆಕಸ್ಮಿಕವಾಗಿ ಒದ್ದೆಯಾದ ವಸ್ತುವನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬಹುತೇಕ ಬೂಷ್ಟು ಹಿಡಿಯುವುದಿಲ್ಲ. ಕೆರೆಯುವಾಗ ಮಾಸ್ಕ್ ಧರಿಸಿ, ಗೋಡೆಯನ್ನು ಮೊದಲು ತುಸು ಒದ್ದೆ ಮಾಡಿಕೊಂಡು, ಆಸ್ತಮಾ ಇರುವವರನ್ನೂ ಮಕ್ಕಳನ್ನೂ ದೂರ ಕಳುಹಿಸಬೇಕು. ಬ್ಲೀಚಿಂಗ್ ಜೊತೆಗೆ ಶೌಚಾಲಯ ತೊಳೆಯುವ ಆಸಿಡ್ ಅನ್ನು ಎಂದಿಗೂ ಬೆರೆಸಬಾರದು. ಹೊರಡುವ ಕ್ಲೋರಿನ್ ಅನಿಲ ಬೂಷ್ಟಿಗಿಂತ ನೂರು ಪಾಲು ಅಪಾಯಕಾರಿ.

ಸಾಂಬ್ರಾಣಿ, ಬೇವಿನೆಲೆ ಹೊಗೆ ಹಾಕಿದರೆ ಕ್ರಿಮಿ ಸಾಯುತ್ತದೆ ಎನ್ನುತ್ತಾರೆ. ಇದು ನಂಬಿಕೆಯೋ, ವಿಜ್ಞಾನವೋ?

ಎರಡೂ ಸ್ವಲ್ಪ ಸ್ವಲ್ಪ. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯವರು ಹವನ ಸಾಮಗ್ರಿಯ ಹೊಗೆಯನ್ನು ಮುಚ್ಚಿದ ಕೋಣೆಯಲ್ಲಿ ಒಂದು ಗಂಟೆ ಹಾಕಿ ಗಾಳಿಯ ಬ್ಯಾಕ್ಟೀರಿಯಾ ಎಣಿಕೆ ಶೇ. 94ರಷ್ಟು ಇಳಿದದ್ದನ್ನು 2007ರಲ್ಲಿ ವರದಿ ಮಾಡಿದ್ದರು. ಹೊಗೆಯಲ್ಲಿರುವ ಫಾರ್ಮಾಲ್ಡಿಹೈಡಿನಂಥ ರಾಸಾಯನಿಕಗಳು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ ಎಂಬುದರಲ್ಲಿ ಆಶ್ಚರ್ಯವಿಲ್ಲ. ಆದರೆ ಕೊಲ್ಲುವ ಅದೇ ವಸ್ತು, ಅದರೊಡನೆ ಬರುವ ಸೂಕ್ಷ್ಮ ಮಸಿ, ಬಾಣಂತಿ ಕೋಣೆಯ ಕೂಸಿನ ಶ್ವಾಸಕೋಶಕ್ಕೂ ಇಳಿಯುತ್ತವೆ. ನಿರುಪದ್ರವಿ ಬ್ಯಾಕ್ಟೀರಿಯಾವನ್ನು ಕೊಂದು ಹಾನಿಕಾರಕ ಕಣಗಳನ್ನು ತುಂಬಿಕೊಳ್ಳುವುದು ಲಾಭದ ವ್ಯಾಪಾರವೆಂದು ನನಗೆ ಅನ್ನಿಸುವುದಿಲ್ಲ. ಪೂಜೆಗೆ ಹಾಕುವವರು ಹಾಕಲಿ, ಕಿಟಕಿ ತೆರೆದಿರಲಿ, ಉಬ್ಬಸದವರು ಹೊರಗಿರಲಿ.

ಎಸಿ ಒಳ್ಳೆಯದೋ, ಕೂಲರ್ ಒಳ್ಳೆಯದೋ?

ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳತರುವುದಿಲ್ಲ. ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ತೇವ ತೆಗೆಯುವುದು ಅದರ ಗುಣ, ಗಾಳಿ ಬದಲಿಸದಿರುವುದು ಅದರ ದೋಷ. ಒಳಗಿನ ತಣ್ಣನೆಯ ಸುರುಳಿ ಮತ್ತು ನೀರು ಸೇರುವ ತಟ್ಟೆಯಲ್ಲಿ ಲೋಳೆ ಕಟ್ಟಿದರೆ ಅದೇ ಬೀಜಕಗಳ ಕಾರ್ಖಾನೆ. ಚಾಲೂ ಮಾಡಿದ ಮೊದಲ ನಿಮಿಷದಲ್ಲಿ ಹಳೆಯ ಸಾಕ್ಸಿನ ವಾಸನೆ ಬಂದರೆ ಬಿಚ್ಚಿ ತೊಳೆಸುವ ಸಮಯ ಬಂದಿದೆಯೆಂದು ತಿಳಿಯಬೇಕು.

ಕೂಲರ್ ವಿಷಯ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಗಮನವಿಟ್ಟು ಓದಬೇಕು. ದೇಶದ 19 ನಗರಗಳ 27 ಕೇಂದ್ರಗಳು ಸೇರಿ 1,084 ಮಂದಿ ಶ್ವಾಸಕೋಶ ಗಟ್ಟಿಯಾಗುವ ರೋಗಿಗಳನ್ನು ದಾಖಲಿಸಿದ್ದವು. 2017ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇದ್ದದ್ದು ಉಸಿರಾಡಿದ ಜೈವಿಕ ದೂಳಿಗೆ ಶ್ವಾಸಕೋಶ ಅತಿಯಾಗಿ ಕೆರಳಿ ಬರುವ ಉರಿಯೂತ. ಅವರಲ್ಲಿಯೂ ಅರ್ಧದಷ್ಟು ಮಂದಿಗೆ ಏರ್ ಕೂಲರಿನ ಒಡನಾಟವಿತ್ತು. ಈ ರೋಗನಿರ್ಣಯ ಇಷ್ಟು ಹೆಚ್ಚಿರಬಹುದೇ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಆದರೂ ಕೂಲರಿನ ಹುಲ್ಲಿನ ಪರದೆ ಸದಾ ಒದ್ದೆ, ತೊಟ್ಟಿಯ ನೀರು ವಾರಗಟ್ಟಲೆ ಹಳೆಯದು, ಅದರ ಮೂಲಕ ಹಾದ ಗಾಳಿ ನೇರ ಮುಖಕ್ಕೆ: ಸಂಶಯ ಪಡಲು ಇಷ್ಟು ಸಾಲದೇ? ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ತೊಟ್ಟಿ ಉಜ್ಜುವುದು, ಪ್ರತಿ ಬೇಸಿಗೆಗೆ ಹೊಸ ಪರದೆ ಹಾಕುವುದು, ಕೊನೆಯಲ್ಲಿ ಒಣಗಿಸಿ ಎತ್ತಿಡುವುದು ಇಷ್ಟು ಮಾಡಬೇಕು.

ರೋಗಗಳ ಬಗ್ಗೆ

ಮನೆಯ ತೇವಕ್ಕೂ ನನ್ನ ಆಸ್ತಮಾಕ್ಕೂ ನಿಜವಾಗಿ ಸಂಬಂಧವಿದೆಯೇ, ಅಥವಾ ಹಾಗೆ ಹೇಳುವ ರೂಢಿಯೇ?

ಸಂಬಂಧ ಗಟ್ಟಿಯಾಗಿಯೇ ಇದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2007ರ ವಿಶ್ಲೇಷಣೆಯಲ್ಲಿ, ತೇವ ಮತ್ತು ಬೂಷ್ಟಿರುವ ಮನೆಗಳವರಲ್ಲಿ ಕೆಮ್ಮು, ಉಬ್ಬಸ, ಆಸ್ತಮಾ ಸಂಬಂಧಿ ತೊಂದರೆಗಳು ಶೇ. 30ರಿಂದ 50ರಷ್ಟು ಹೆಚ್ಚಾಗಿ ಕಂಡವು. ವಿಶ್ವ ಆರೋಗ್ಯ ಸಂಸ್ಥೆಯೂ 2009ರಲ್ಲಿ ತೇವ ಮತ್ತು ಬೂಷ್ಟಿನ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ವಿಚಿತ್ರವೆಂದರೆ, ಗಾಳಿಯಲ್ಲಿ ಎಣಿಸಿದ ಬೀಜಕಗಳ ಸಂಖ್ಯೆಗಿಂತ ‘ಗೋಡೆ ಒದ್ದೆಯಿದೆ, ವಾಸನೆ ಬರುತ್ತದೆ’ ಎಂಬ ಸರಳ ಗುರುತೇ ರೋಗವನ್ನು ಚೆನ್ನಾಗಿ ಮುನ್ಸೂಚಿಸುತ್ತದೆ.

ಆಸ್ತಮಾ ಔಷಧಿಗೆ ಬಗ್ಗದೆ, ಕಂದು ಬಣ್ಣದ ಗಟ್ಟಿ ಕಫದ ತುಣುಕು ಬರುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು. ಆಸ್ಪರ್ಜಿಲಸ್ ಶ್ವಾಸನಾಳದಲ್ಲಿ ನೆಲೆಸಿ ಅಲರ್ಜಿ ಕೆರಳಿಸುವ ಸ್ಥಿತಿಯೊಂದಿದೆ. ನಮ್ಮ ದೇಶದಲ್ಲಿ ಅದು ಅಪರೂಪವಲ್ಲ, ಕ್ಷಯವೆಂದು ತಪ್ಪಾಗಿ ತಿಳಿದು ಚಿಕಿತ್ಸೆ ನಡೆಯುವುದೂ ಉಂಟು. ಹಿಂದೆ ಕ್ಷಯ ಬಂದು ಶ್ವಾಸಕೋಶದಲ್ಲಿ ಗುಳಿ ಉಳಿದವರಲ್ಲಿ ಅದೇ ಶಿಲೀಂಧ್ರ ಉಂಡೆ ಕಟ್ಟಿಕೊಂಡು ಕೆಮ್ಮಿನಲ್ಲಿ ರಕ್ತ ಬರಿಸಬಹುದು.

2021ರ ಕಪ್ಪು ಶಿಲೀಂಧ್ರ ಈಗಲೂ ನಮ್ಮ ಮನೆಯ ಗಾಳಿಯಲ್ಲಿದೆಯೇ?

ಇದೆ, 2021ಕ್ಕೆ ಮೊದಲೂ ಇತ್ತು. ರೈಜೋಪಸ್ ಮುಂತಾದ ಈ ಶಿಲೀಂಧ್ರಗಳು ಮಣ್ಣು, ಕೊಳೆತ ಎಲೆ, ಹಳಸಿದ ಬ್ರೆಡ್ಡಿನ ಮೇಲೆ ಬೆಳೆಯುವ ಸಾಮಾನ್ಯ ಜಾತಿಗಳು. ಶಿಲೀಂಧ್ರ ಕಪ್ಪಲ್ಲ, ಅದು ರಕ್ತನಾಳ ಮುಚ್ಚಿ ಕೊಂದ ಅಂಗಾಂಶ ಕಪ್ಪು. ಆ ವರ್ಷ ಬದಲಾದದ್ದು ಗಾಳಿಯಲ್ಲ, ದೇಹ: ಕೋವಿಡ್, ಹಿಡಿತ ತಪ್ಪಿದ ಸಕ್ಕರೆ ಕಾಯಿಲೆ, ಧಾರಾಳವಾಗಿ ಬಳಸಿದ ಸ್ಟೀರಾಯ್ಡ್ ಮೂರೂ ಕೂಡಿದವು. ಕೇಂದ್ರ ಸರ್ಕಾರ ಆ ಮೇ ತಿಂಗಳಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಲು ರಾಜ್ಯಗಳಿಗೆ ಸೂಚಿಸಿತು. ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು. ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಸಕ್ಕರೆ ಹತೋಟಿಯಲ್ಲಿರುವ ಆರೋಗ್ಯವಂತರು ಇದಕ್ಕಾಗಿ ಗಾಳಿಗೆ ಹೆದರಬೇಕಿಲ್ಲ. ಸಕ್ಕರೆ ಏರಿರುವಾಗ ಮುಖದ ಒಂದು ಬದಿ ಊದಿ, ಮೂಗಿನಿಂದ ಕಪ್ಪು ಅಥವಾ ರಕ್ತ ಮಿಶ್ರಿತ ಸ್ರಾವ ಕಂಡರೆ ಅದೇ ದಿನ ಆಸ್ಪತ್ರೆ ಸೇರಬೇಕು.

ಮನೆಯಲ್ಲಿ ಒಬ್ಬರಿಗೆ ಕ್ಷಯ. ತಟ್ಟೆ ಲೋಟ ಬೇರೆ ಮಾಡಿದ್ದೇವೆ. ಅಷ್ಟು ಸಾಕೇ?

ತಟ್ಟೆ ಲೋಟ ಬೇರೆ ಮಾಡುವುದರಿಂದ ರೋಗಿಯ ಮನಸ್ಸು ನೋಯುತ್ತದೆ, ಬೇರೆ ಪ್ರಯೋಜನವಿಲ್ಲ. ಶ್ವಾಸಕೋಶದ ಕ್ಷಯ ಗಾಳಿಯಿಂದ ಹರಡುತ್ತದೆ. ಕೆಮ್ಮಿದಾಗ ಹೊರಟ ಹನಿಗಳು ಕ್ಷಣದಲ್ಲಿ ಆರಿ 1ರಿಂದ 5 ಮೈಕ್ರೋಮೀಟರಿನ ಕಣಗಳಾಗಿ ಗಂಟೆಗಟ್ಟಲೆ ತೇಲುತ್ತವೆ. ಅಮೆರಿಕದ ಬಾಲ್ಟಿಮೋರಿನಲ್ಲಿ 1950ರ ದಶಕದ ಕೊನೆಯಲ್ಲಿ ರಿಚರ್ಡ್ ರೈಲಿ ಮತ್ತು ಸಂಗಡಿಗರು ಕ್ಷಯ ವಾರ್ಡಿನ ಗಾಳಿಯನ್ನು ಮಾಡಿನ ಮೇಲಿದ್ದ ಗಿನಿಯಿಲಿಗಳ ಗೂಡಿಗೆ ಹಾಯಿಸಿದರು. ರೋಗಿಗಳನ್ನು ಎಂದೂ ಮುಟ್ಟದ ಆ ಇಲಿಗಳಿಗೆ ಸೋಂಕು ತಗುಲಿತು, ನೇರಳಾತೀತ ಬೆಳಕಿನಲ್ಲಿ ಹಾದುಹೋದ ಗಾಳಿ ಸೇವಿಸಿದ ಇನ್ನೊಂದು ಗುಂಪು ಪಾರಾಯಿತು.

ಆದ್ದರಿಂದ ಮಾಡಬೇಕಾದದ್ದು: ಔಷಧಿ ಒಂದು ದಿನವೂ ತಪ್ಪದಂತೆ ನೋಡುವುದು, ರೋಗಿ ಮೊದಲ ವಾರಗಳಲ್ಲಿ ಮಾಸ್ಕ್ ಧರಿಸಿ ಕಿಟಕಿ ತೆರೆದ ಕೋಣೆಯಲ್ಲಿ ಮಲಗುವುದು, ಹಗಲನ್ನು ಜಗಲಿಯಲ್ಲೋ ಅಂಗಳದಲ್ಲೋ ಕಳೆಯುವುದು, ಮನೆಯವರೆಲ್ಲ ತಪಾಸಣೆ ಮಾಡಿಸಿಕೊಂಡು ವೈದ್ಯರು ಹೇಳಿದರೆ ತಡೆ ಔಷಧಿ ತೆಗೆದುಕೊಳ್ಳುವುದು. ಸರಿಯಾದ ಔಷಧಿ ಹತ್ತಿದರೆ ಸಾಮಾನ್ಯವಾಗಿ ಎರಡು ವಾರಗಳಲ್ಲಿ ಹರಡುವ ಶಕ್ತಿ ತೀರಾ ಕುಗ್ಗುತ್ತದೆ; ಔಷಧಿಗೆ ಬಗ್ಗದ ಕ್ಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಪಾರಿವಾಳಗಳು. ಕಾಳು ಹಾಕುವುದು ಪುಣ್ಯವಲ್ಲವೇ?

ಪುಣ್ಯದ ಲೆಕ್ಕ ನನಗೆ ತಿಳಿಯದು. ಒಣಗಿದ ಹಿಕ್ಕೆ ಮತ್ತು ಗರಿಯ ಹುಡಿಯಲ್ಲಿನ ಪ್ರೋಟೀನುಗಳನ್ನು ವರ್ಷಗಟ್ಟಲೆ ಉಸಿರಾಡಿದ ಕೆಲವರಲ್ಲಿ ಶ್ವಾಸಕೋಶ ನಿಧಾನವಾಗಿ ಗಟ್ಟಿಯಾಗುತ್ತದೆ, ಮೆಟ್ಟಿಲು ಹತ್ತುವಾಗ ಏದುಸಿರಿನಿಂದ ಶುರುವಾಗುವ ಈ ರೋಗದಲ್ಲಿ ಕಳೆದುಕೊಂಡದ್ದು ಮರಳಿ ಬರುವುದು ಕಷ್ಟ. ಹಳೆಯ ಹಿಕ್ಕೆಯಲ್ಲಿ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರವೂ ಬೆಳೆಯುತ್ತದೆ; ರೋಗನಿರೋಧಕ ಶಕ್ತಿ ಕುಂದಿದವರಿಗೆ ಅದು ಮಿದುಳು ಪೊರೆಯ ಉರಿಯೂತ ತರಬಲ್ಲುದು. ಬಾಲ್ಕನಿಗೆ ಬಲೆ ಕಟ್ಟಬೇಕು. ಹಿಕ್ಕೆಯನ್ನು ಒಣ ಪೊರಕೆಯಿಂದ ಗುಡಿಸದೆ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ತೆಗೆಯಬೇಕು.

ಕೆಲಸದ ಜಾಗದಲ್ಲಿ ಸೋಮವಾರ ಬಂದರೆ ಎದೆ ಬಿಗಿಯುತ್ತದೆ, ಭಾನುವಾರ ಸರಿಯಿರುತ್ತದೆ. ಇದು ಕಳ್ಳಾಟವೆಂದು ಮೇಸ್ತ್ರಿ ಹೇಳುತ್ತಾರೆ.

ಕಳ್ಳಾಟವಲ್ಲ, ನೂರು ವರ್ಷಕ್ಕೂ ಹಳೆಯ ವೈದ್ಯಕೀಯ ಲಕ್ಷಣ. ಹತ್ತಿ ಗಿರಣಿಗಳಲ್ಲಿ ಇದಕ್ಕೆ ಬಿಸಿನೋಸಿಸ್ ಎಂದು ಹೆಸರು. ದಾವಣಗೆರೆಯಂಥ ಗಿರಣಿ ಊರುಗಳ ಹಿರಿಯ ಕಾರ್ಮಿಕರಿಗೆ ಲಕ್ಷಣ ಪರಿಚಿತವಾಗಿರಬಹುದು. ಹತ್ತಿಯ ದೂಳಿನಲ್ಲಿರುವ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಇದರ ಮುಖ್ಯ ಆರೋಪಿ. ರಜೆಯಲ್ಲಿ ದೇಹದ ಒಗ್ಗಿಕೆ ತಪ್ಪಿ, ಮೊದಲ ದಿನ ತೊಂದರೆ ಎದ್ದುಕಾಣುತ್ತದೆ. ಬೂಷ್ಟು ಹಿಡಿದ ಹುಲ್ಲಿನ ಬಣವೆ ಕೀಳುವ ರೈತರಿಗೂ, ಹಳೆಯ ಕಬ್ಬಿನ ಸಿಪ್ಪೆ ರಾಶಿಯ ಬಳಿ ದುಡಿಯುವವರಿಗೂ ಬರುವುದು ಬೇರೆ ರೋಗ: ರಾಶಿ ಒಳಗೊಳಗೆ ಕಾದಾಗ ಬೆಳೆಯುವ ಶಾಖಪ್ರಿಯ ಬ್ಯಾಕ್ಟೀರಿಯಾದ ಬೀಜಕಗಳಿಂದ, ಕೆಲಸ ಮುಗಿದ ನಾಲ್ಕಾರು ಗಂಟೆಗಳ ನಂತರ ಚಳಿ, ಜ್ವರ, ಕೆಮ್ಮು. ಎಷ್ಟೋ ಬಾರಿ ಇದನ್ನು ಮಾಮೂಲಿ ಜ್ವರವೆಂದು ಬಿಟ್ಟುಬಿಡುತ್ತಾರೆ. ವೈದ್ಯರ ಮುಂದೆ ನಿಮ್ಮ ಕೆಲಸವೇನು ಎಂಬುದನ್ನು ಕೇಳದಿದ್ದರೂ ಹೇಳಿ.

ಬಿಸಿನೀರಿನ ಷವರಿನಿಂದ ನ್ಯುಮೋನಿಯಾ ಬರುತ್ತದೆ ಎಂದು ಓದಿದೆ. ಇದೇನಿದು?

ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಮಾತು. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ನಿವೃತ್ತ ಸೈನಿಕರ ಸಮಾವೇಶ ನಡೆದಾಗ ಕಾಣಿಸಿಕೊಂಡ ನ್ಯುಮೋನಿಯಾಕ್ಕೆ ಅದರಲ್ಲಿ ಭಾಗವಹಿಸಿದ 29 ಮಂದಿ ತೀರಿಕೊಂಡರು. ತಿಂಗಳುಗಳ ಬಳಿಕ ವಿಜ್ಞಾನಿ ಜೋಸೆಫ್ ಮೆಕ್‌ಡೇಡ್ ಈ ಜೀವಿಯನ್ನು ಗುರುತಿಸಿದರು. ಅದು 25ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆದು ಷವರ್, ಕಾರಂಜಿ, ದೊಡ್ಡ ಕಟ್ಟಡಗಳ ಕೂಲಿಂಗ್ ಟವರಿನ ತುಂತುರಿನೊಡನೆ ಶ್ವಾಸಕೋಶ ಸೇರುತ್ತದೆ. ಸಾಮಾನ್ಯವಾಗಿ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಬೆಂಗಳೂರಿನ ತಾರಸಿಗಳ ಸೋಲಾರ್ ಹೀಟರಿನ ನೀರು ಮೋಡದ ದಿನಗಳಲ್ಲಿ 40 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದನ್ನು ನೆನಪಿಟ್ಟು, ಸಂಗ್ರಹದ ಬಿಸಿನೀರನ್ನು 60 ಡಿಗ್ರಿಗೆ ಏರಿಸುವುದೂ, ಊರಿಂದ ಬಂದ ಮೇಲೆ ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಡುವುದೂ ಒಳ್ಳೆಯದು.

ಅಳತೆ ಮತ್ತು ಉಪಕರಣ

ಗಾಳಿ ಪರೀಕ್ಷೆ ಮಾಡಿಸಿದೆ. ವರದಿಯಲ್ಲಿ 620 ಎಂದಿದೆ, ಮಿತಿ 500 ಎಂದು ಬರೆದಿದ್ದಾರೆ. ಏನು ಮಾಡಲಿ?

ಒಂದು ಘನ ಮೀಟರ್ ಗಾಳಿಯಿಂದ ಅಗಾರ್ ತಟ್ಟೆಯ ಮೇಲೆ 620 ವಸಾಹತುಗಳು, ಅಂದರೆ ಸೂಕ್ಷ್ಮಜೀವಿಗಳ ಚುಕ್ಕೆಗಳು, ಬೆಳೆದವು ಎಂಬುದು ಆ ಅಂಕಿಯ ಅರ್ಥ. 500 ಎಂಬುದು ಸಿಂಗಾಪುರದಂಥ ಕೆಲವೆಡೆ ಆಡಳಿತದ ಅನುಕೂಲಕ್ಕೆ ಎಳೆದ ಗೆರೆ; 499 ಕ್ಷೇಮ, 501 ರೋಗ ಎಂದು ಅದು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇಂಥ ಸಂಖ್ಯೆ ನಿಗದಿಪಡಿಸಲು ಆಧಾರ ಸಾಲದೆಂದು ಸಂಖ್ಯೆಯನ್ನೇ ಕೊಡಲಿಲ್ಲ. 1958ರಲ್ಲಿ ರೂಪುಗೊಂಡು ಈಗಲೂ ಬಳಕೆಯಲ್ಲಿರುವ ಆಂಡರ್ಸನ್ ಉಪಕರಣ ನಿಮಿಷಕ್ಕೆ 28.3 ಲೀಟರ್ ಗಾಳಿ ಹೀರುತ್ತದೆ, ಮಾದರಿ ತೆಗೆಯುವುದು ಕೆಲವೇ ನಿಮಿಷ. ಆ ಹೊತ್ತಿಗೆ ಯಾರಾದರೂ ಕಂಬಳಿ ಕೊಡವಿದ್ದರೆ ಅಂಕಿ ಹತ್ತು ಪಟ್ಟಾದೀತು.

ವರದಿ ಕೊಟ್ಟವರನ್ನು ಎರಡು ಪ್ರಶ್ನೆ ಕೇಳಿ: ಅದೇ ಹೊತ್ತಿಗೆ ಹೊರಗೆ ಎಷ್ಟಿತ್ತು, ಮತ್ತು ಯಾವ ಜಾತಿಗಳು? ಹೊರಗೆ 900 ಇದ್ದು, ಎರಡೂ ಕಡೆ ಕ್ಲಾಡೋಸ್ಪೋರಿಯಂ ಮುಂದಿದ್ದರೆ ನೆಮ್ಮದಿಯಾಗಿ ಮಲಗಬಹುದು. ಹೊರಗೆ 150 ಇದ್ದು, ಒಳಗೆ ಆಸ್ಪರ್ಜಿಲಸ್, ಪೆನಿಸಿಲಿಯಂ ತುಂಬಿದ್ದರೆ ಒಳಗೆಲ್ಲೋ ಮೂಲವಿದೆ. ಹೊರಗಿನ ಮಾದರಿಯನ್ನೇ ತೆಗೆಯದ ವರದಿಗೆ ಹಣ ಕೊಟ್ಟಿದ್ದರೆ ಆ ಹಣ ಹೋಯಿತೆಂದೇ ತಿಳಿಯಿರಿ.

ತಟ್ಟೆಯ ಮೇಲೆ ಬೆಳೆಯದವುಗಳ ಗತಿ? ಡಿಎನ್‌ಎ ಪರೀಕ್ಷೆ ಹೆಚ್ಚು ಸರಿಯೇ?

ಗಾಳಿಯಲ್ಲಿರುವವುಗಳಲ್ಲಿ ಸಣ್ಣ ಪಾಲು ಮಾತ್ರ ತಟ್ಟೆಯಲ್ಲಿ ಬೆಳೆಯುತ್ತದೆ. ಒಣಗಿ ಸತ್ತವು, ನಮ್ಮ ಅಗಾರ್ ಒಗ್ಗದವು, ಪಕ್ಕದ ವೇಗದ ಬೂಷ್ಟು ನುಂಗಿದವು ಲೆಕ್ಕಕ್ಕೆ ಸಿಗುವುದಿಲ್ಲ. ಡಿಎನ್‌ಎ ವಿಧಾನ ಇವೆಲ್ಲವನ್ನೂ ಹೆಸರಿಸುತ್ತದೆ, ಆದರೆ ಸತ್ತದ್ದೋ ಬದುಕಿದ್ದೋ ಎಂದು ಹೇಳುವುದಿಲ್ಲ. ಗಾಳಿಯ ಮಾದರಿಯಲ್ಲಿ ಜೀವದ್ರವ್ಯ ಅತಿ ಕಡಿಮೆ ಇರುವುದರಿಂದ ಪ್ರಯೋಗಾಲಯದ ರಾಸಾಯನಿಕಗಳಲ್ಲಿದ್ದ ಡಿಎನ್‌ಎ ಕೂಡ ‘ನಿಮ್ಮ ಮನೆಯ ಜೀವಿ’ಯಾಗಿ ವರದಿಗೆ ಬಂದುಬಿಡಬಹುದು. ಎಂಡೋಟಾಕ್ಸಿನ್ ಅಳೆಯಲು ಮೂರನೆಯ ವಿಧಾನವೇ ಬೇಕು. ಅದಕ್ಕೆ ಬಹುಕಾಲದಿಂದ ಬಳಸುತ್ತಿರುವುದು ಕುದುರೆಲಾಳದ ಏಡಿಯ ನೀಲಿ ರಕ್ತದ ಸಾರ, ಅತ್ಯಲ್ಪ ಎಂಡೋಟಾಕ್ಸಿನ್ ಸೋಕಿದರೂ ಅದು ಹೆಪ್ಪುಗಟ್ಟುತ್ತದೆ.

ಏರ್ ಪ್ಯೂರಿಫೈಯರ್, ಯುವಿ ದೀಪ, ಅಯಾನೈಸರ್: ಯಾವುದಕ್ಕೆ ದುಡ್ಡು ಹಾಕಲಿ?

ಪ್ಯೂರಿಫೈಯರಿನೊಳಗಿನ ಹೆಪಾ ಫಿಲ್ಟರ್ 0.3 ಮೈಕ್ರೋಮೀಟರಿನ ಕಣಗಳನ್ನೂ ಶೇ. 99.97ರಷ್ಟು ಹಿಡಿಯುತ್ತದೆ, ಬೀಜಕಗಳು ಅದಕ್ಕೆ ಲೆಕ್ಕವೇ ಅಲ್ಲ. ನೋಡಬೇಕಾದದ್ದು ಅದು ಗಂಟೆಗೆ ಎಷ್ಟು ಗಾಳಿ ಶುದ್ಧ ಮಾಡುತ್ತದೆ ಎಂಬುದು: 3 ಮೀಟರ್ ಅಗಲ, 4 ಮೀಟರ್ ಉದ್ದ, 3 ಮೀಟರ್ ಎತ್ತರದ ಕೋಣೆಯಲ್ಲಿ 36 ಘನ ಮೀಟರ್ ಗಾಳಿಯಿದೆ, ಗಂಟೆಗೆ ಐದು ಸಲ ಶುದ್ಧವಾಗಬೇಕಾದರೆ 180 ಘನ ಮೀಟರ್ ಸಾಮರ್ಥ್ಯ ಬೇಕು. ಗೋಡೆ ಒಸರುತ್ತಿದ್ದರೆ ಪ್ಯೂರಿಫೈಯರ್ ತೆರೆದ ನಲ್ಲಿಯ ಕೆಳಗೆ ನೆಲ ಒರೆಸುವ ಕೆಲಸ ಮಾಡುತ್ತಿರುತ್ತದೆ. 254 ನ್ಯಾನೋಮೀಟರಿನ ಯುವಿ ಆಸ್ಪತ್ರೆಗಳಲ್ಲಿ ಮಾಡಿನ ಹತ್ತಿರ, ಜನರ ಕಣ್ಣಿಗೂ ಚರ್ಮಕ್ಕೂ ಬೀಳದಂತೆ ಅಳವಡಿಸಿದರೆ ಪರಿಣಾಮಕಾರಿ. ಕೈಯಲ್ಲಿ ಹಿಡಿದು ಸವರುವ ಅಗ್ಗದ ದೀಪ ಬೇಡ. ಅಯಾನೈಸರ್ ಆಗಲಿ ಬೇರೆಯಾಗಲಿ, ಓಜೋನ್ ಬಿಡುವ ಯಾವ ಯಂತ್ರವನ್ನೂ ಮನೆಗೆ ತರಬೇಡಿ.

ಊರಿನ ಚಿಕಿತ್ಸಾಲಯಕ್ಕೆ ಹೊಸ ಕಟ್ಟಡ ಕಟ್ಟಿಸುತ್ತಿದ್ದೇವೆ. ಎಸಿ ಹಾಕಿದರೆ ಸೋಂಕು ಕಡಿಮೆಯಾಗುತ್ತದೆಯೇ?

ಪೆರುವಿನ ಲಿಮಾ ನಗರದ ಆಸ್ಪತ್ರೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಕಟ್ಟಡ ಸಮಿತಿಯವರಿಗೆ ಓದಿ ಹೇಳಿ. ಕಿಟಕಿ ಬಾಗಿಲು ತೆರೆದ ಕೋಣೆಗಳಲ್ಲಿ ಗಾಳಿ ಗಂಟೆಗೆ 28 ಸಲ ಬದಲಾಗುತ್ತಿತ್ತು, ಯಂತ್ರದಿಂದ ಗಾಳಿ ಹಾಯಿಸುವ ಕೋಣೆಗಳ ಶಿಫಾರಸು 12. ಐವತ್ತು ವರ್ಷಕ್ಕಿಂತ ಹಳೆಯ, ಎತ್ತರದ ಮಾಡು ಮತ್ತು ದೊಡ್ಡ ಕಿಟಕಿಯ ಕಟ್ಟಡಗಳಲ್ಲಿ ಅದು 40, ಹೊಸ ಕಟ್ಟಡಗಳಲ್ಲಿ 17. ಗಾಳಿ ಗಂಟೆಗೆ 6 ಸಲ ಬದಲಾದರೆ ತೇಲುವ ಕಣಗಳಲ್ಲಿ ಶೇ. 99 ಹೊರಹೋಗಲು 46 ನಿಮಿಷ ಬೇಕು, 12 ಸಲವಾದರೆ 23 ನಿಮಿಷ ಸಾಕು.

ಕ್ಷಯಕ್ಕೆ ಔಷಧಿಯೇ ಇಲ್ಲದ ಕಾಲದವರಿಗೆ ಇದು ಅನುಭವದಿಂದ ಗೊತ್ತಿತ್ತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಕ್ಷಯದಿಂದ ತೀರಿಕೊಂಡ ತಂಗಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಸ್ಯಾನಟೋರಿಯಂ ಆ ತಲೆಮಾರಿನದು. ಅಂಥ ಆರೋಗ್ಯಧಾಮಗಳಲ್ಲಿ ಚಿಕಿತ್ಸೆಯೆಂದರೆ ಮುಖ್ಯವಾಗಿ ತೆರೆದ ಗಾಳಿ, ಬಿಸಿಲು, ವಿಶ್ರಾಂತಿ, ಊಟ.

ಬೆಚ್ಚಗಿನ ಊರಿನಲ್ಲಿ ಎದುರುಬದುರು ಕಿಟಕಿ, ಮುಚ್ಚಲಾಗದ ಮೇಲ್ಗವಾಕ್ಷಿ, ಕಾಯುವವರಿಗೆ ಮೂರು ಕಡೆ ತೆರೆದ ಜಗಲಿ ಇಟ್ಟರೆ ದೊಡ್ಡ ಭಾಗ ಮುಗಿಯಿತು. ಚಳಿ, ಮಳೆಗೆ ಜನ ಕಿಟಕಿ ಮುಚ್ಚಿಯೇ ಮುಚ್ಚುತ್ತಾರೆ, ಆಗಿನ ಪಾಡು ತಿಳಿಯಲು ಗೋಡೆಗೊಂದು ಇಂಗಾಲದ ಡೈಆಕ್ಸೈಡ್ ಮಾಪಕ ತೂಗುಹಾಕಿ. ಹೊರಗೆ 420 ಪಿಪಿಎಂನ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಆಸುಪಾಸು ಇರುವ ಅಂಕಿ ಒಳಗೆ 1,000 ದಾಟಿದರೆ ಒಬ್ಬರ ಉಸಿರನ್ನು ಇನ್ನೊಬ್ಬರು ಸೇವಿಸುತ್ತಿದ್ದಾರೆಂದೇ ಅರ್ಥ. ವೈದ್ಯರ ಕುರ್ಚಿಯನ್ನು ಗಾಳಿ ಒಳಬರುವ ಕಿಟಕಿಯ ಕಡೆಗೂ ರೋಗಿಯ ಕುರ್ಚಿಯನ್ನು ಗಾಳಿ ಹೊರಹೋಗುವ ಕಡೆಗೂ ಹಾಕಬೇಕು. ದಿಕ್ಕು ತಿಳಿಯದಿದ್ದರೆ ಒಂದು ಊದುಬತ್ತಿ ಹಚ್ಚಿ ಹೊಗೆ ಯಾವ ಕಡೆ ಬಾಗುತ್ತದೆಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿಕೊಳ್ಳಿ.